ಬಿಸಿಲಿಗೆ ಬೆನ್ನು ಹಾಕಿದಾಗ ಕಂಡ ಮಂಗಳೂರು

ಹಾಸನದಲ್ಲಿ ಸೂರ್ಯ ನೆತ್ತಿಗೆ ಬಂದ ಐದು ನಿಮಿಷಕ್ಕೆ ಮಂಗಳೂರಿನಲ್ಲೂ ನೆತ್ತಿಗೆ ಬರುತ್ತಾನೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಎರಡೂ ಊರುಗಳ ರೇಖಾಂಶದ ನಡುವೆ ಇರುವುದು ಒಂದೂಕಾಲು ಡಿಗ್ರಿ. ಅಕ್ಷಾಂಶ ಹೆಚ್ಚುಕಮ್ಮಿ ಒಂದೇ, 13 ಡಿಗ್ರಿ. ಅಂದರೆ ಎರಡೂ ಊರಿನ ಮೇಲೆ ಬೀಳುವುದು ಒಂದೇ ಬಿಸಿಲು. ಆದರೂ ಕ್ಯಾಮೆರಾ ಹಿಡಿದು ಶಿರಾಡಿ ಘಾಟಿ ಇಳಿದರೆ ನಮ್ಮ ಕಡೆಯ ಅಭ್ಯಾಸ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ಮುಖಭಂಗವಾದ ಮೇಲೆ. ಒಂದು ಡಿಸೆಂಬರಿನಲ್ಲಿ ಎರಡು ದಿನ ಮಂಗಳೂರು ಸುತ್ತಿ ಮುನ್ನೂರು ಫೋಟೋ ತೆಗೆದುಕೊಂಡು ಬಂದೆ. ತಣ್ಣೀರುಬಾವಿ ಕಡಲತೀರದಲ್ಲಿ ಸೂರ್ಯ ಮುಳುಗುವುದು, ಕಪ್ಪಗೆ ಕಾಣುವ ಬೋಟು, ಕಿತ್ತಳೆ ಆಕಾಶ, ನೀರಿನಲ್ಲಿ ಚಿನ್ನದ ಪಟ್ಟಿ. ಹಾಸನಕ್ಕೆ ಬಂದು, ಸ್ಟುಡಿಯೋ ಇಟ್ಟುಕೊಂಡಿರುವ ಪರಿಚಯದ ಅಣ್ಣನೊಬ್ಬರಿಗೆ ತೋರಿಸಿದೆ. ಟೀ ಕುಡಿಯುತ್ತಾ ಒಂದೊಂದಾಗಿ ನೋಡಿದರು. "ಚೆನ್ನಾಗವೆ ಕಣೋ. ಆದ್ರೆ ಇದ್ರಲ್ಲಿ ಮಂಗಳೂರೆಲ್ಲಿ? ಇದು ಕಾರವಾರ ಅಂದ್ರೂ ನಂಬ್ತೀನಿ, ಗೋವಾ ಅಂದ್ರೂ ನಂಬ್ತೀನಿ."

ಅವರು ಹೇಳಿದ್ದು ಸರಿ. ಎರಡೂ ಸಂಜೆ ನಾನು ಸೂರ್ಯನ ಕಡೆ ಮುಖ ಮಾಡಿ ನಿಂತಿದ್ದೆ. ಊರು ನನ್ನ ಬೆನ್ನ ಹಿಂದೆ ಇತ್ತು.

ಪಶ್ಚಿಮ ಕರಾವಳಿಯ ಊರಿನ ಫೋಟೋ ತೆಗೆಯುವವರಿಗೆ ಮೊದಲು ತಿಳಿದಿರಬೇಕಾದ ಸಂಗತಿ ಇದೇ. ಮಂಗಳೂರಿನಲ್ಲಿ ಸೂರ್ಯ ಘಟ್ಟದ ಕಡೆ ಹುಟ್ಟುತ್ತಾನೆ, ಕಡಲಿನಲ್ಲಿ ಮುಳುಗುತ್ತಾನೆ. ಬೆಳಗ್ಗೆ ಕಡಲಿಗೆ ಮುಖ ಮಾಡಿ ನಿಂತರೆ ಬಿಸಿಲು ನಿಮ್ಮ ಬೆನ್ನಿನಿಂದ ಬರುತ್ತದೆ. ಬೋಟಿನ ಬಣ್ಣ, ಬಲೆಯ ಹಸಿರು, ನೀರಿನ ನೀಲಿ ಎಲ್ಲವೂ ಸ್ಪಷ್ಟ. ಅದೇ ಹೊತ್ತಿಗೆ ನೀರಿನ ಕಡೆಯಿಂದ ಊರನ್ನು ನೋಡಿದರೆ ಕಟ್ಟಡಗಳೆಲ್ಲ ಮಂಜಿನ ಹಿಂದಿನ ಬೂದು ನೆರಳು. ಸಂಜೆ ಇದು ಪೂರ್ತಿ ಉಲ್ಟಾ. ಕಡಲಿನ ಕಡೆ ಇರುವುದೆಲ್ಲ ಕಪ್ಪು ಆಕಾರ. ಊರಿನ ಗೋಡೆ, ಹೆಂಚು, ತೆಂಗಿನ ಗರಿಗಳ ಮೇಲೆ ಮಾತ್ರ ಚಿನ್ನದ ಬಿಸಿಲು. ಆಗ ಸಾವಿರ ಜನ ಕಡಲಿನ ಕಡೆ ಮೊಬೈಲ್ ಹಿಡಿದು ನಿಂತಿರುತ್ತಾರೆ, ಒಬ್ಬರೂ ಹಿಂದಕ್ಕೆ ತಿರುಗುವುದಿಲ್ಲ.

ಬೆಳಕು ಬರುವ ದಿಕ್ಕು ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ತಟ್ಟೆಯಲ್ಲಿ ಅಕ್ಕಿ ರೊಟ್ಟಿ ಇಡಿ. ಲೈಟ್ ಆರಿಸಿ, ಟಾರ್ಚನ್ನು ನೇರ ಮೇಲಿಂದ ಹಿಡಿಯಿರಿ. ರೊಟ್ಟಿ ಚಪ್ಪಟೆ ಬಿಳಿ ವೃತ್ತ, ಅಷ್ಟೇ. ಈಗ ಟಾರ್ಚನ್ನು ತಟ್ಟೆಯ ಪಕ್ಕಕ್ಕೆ ಇಳಿಸಿ, ಓರೆಯಾಗಿ ಬಿಡಿ. ಅಮ್ಮ ತಟ್ಟಿದ ಒಂದೊಂದು ಬೆರಳಿನ ಗುರುತೂ ಎದ್ದು ಕಾಣುತ್ತದೆ. ಪ್ರತಿ ತಗ್ಗಿಗೂ ಒಂದು ಸಣ್ಣ ನೆರಳು ಸಿಕ್ಕಿತು, ಅದಕ್ಕೇ. ಹಳೇಬೀಡಿನ ಗೋಡೆಯಲ್ಲಿ ಕುದುರೆ, ಮಕರ, ಹಂಸದ ಸಾಲುಗಳು ಬೆಳಗ್ಗೆ ಜೀವ ಬಂದ ಹಾಗೆ ಕಾಣುವುದೂ, ಮಧ್ಯಾಹ್ನ ಅದೇ ಗೋಡೆ ಸಪ್ಪಗಾಗುವುದೂ ಇದೇ ಕಾರಣಕ್ಕೆ. ಮಂಗಳೂರಿನ ಹೆಂಚಿನ ಮಾಡು ಕೂಡ ಒಂದು ಕೆತ್ತನೆಯೇ. 1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಅಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿಂದ ಹೊರಟ ಹೆಂಚು ನಮ್ಮ ಸಕಲೇಶಪುರದ ತೋಟದ ಮನೆಗಳವರೆಗೂ ಬಂತು. ಆ ಹೆಂಚಿನ ಏಣು ಮತ್ತು ಕಾಲುವೆ ಕಾಣಬೇಕಾದರೆ ಬಿಸಿಲು ಓರೆಯಾಗಿ ಬೀಳಬೇಕು.

ಇನ್ನು ಬಣ್ಣದ ವಿಷಯ. ಬೆಳಗ್ಗೆ, ಸಂಜೆ ಬಿಸಿಲು ಯಾಕೆ ಹಳದಿ, ಕೆಂಪು? ಸೂರ್ಯನಂತೂ ಬಣ್ಣ ಬದಲಿಸುವುದಿಲ್ಲ. ಬದಲಾಗುವುದು ಬೆಳಕು ದಾಟಿ ಬರುವ ಗಾಳಿಯ ದಪ್ಪ. ಸೂರ್ಯ ನೆತ್ತಿಯ ಮೇಲಿದ್ದಾಗ ದಾಟುವಷ್ಟು ಗಾಳಿಯನ್ನು ಒಂದು ಪಾಲು ಅಂದುಕೊಳ್ಳಿ. ಆಕಾಶ ನೆಲ ಮುಟ್ಟುವ ಅಂಚಿನಲ್ಲಿ ಇದ್ದಾಗ ಸುಮಾರು 38 ಪಾಲು ದಾಟಬೇಕು. ಗಾಳಿಯ ಅಣುಗಳು ನೀಲಿ ಬೆಳಕನ್ನು ಕೆಂಪಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಚೆದರಿಸುತ್ತವೆ. 1871ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದವರು ಇಂಗ್ಲೆಂಡಿನ ಲಾರ್ಡ್ ರ್‍ಯಾಲೆ. ಅಷ್ಟು ಗಾಳಿ ದಾಟುವಷ್ಟರಲ್ಲಿ ನೀಲಿಯೆಲ್ಲ ದಾರಿಯಲ್ಲೇ ಚೆಲ್ಲಿಹೋಗುತ್ತದೆ. ನಮ್ಮ ಕಣ್ಣಿಗೆ ಬರುವುದು ಉಳಿದ ಹಳದಿ, ಕಿತ್ತಳೆ, ಕೆಂಪು. ಚೆಲ್ಲಿದ ನೀಲಿಯೇ ಹಗಲಿನ ಆಕಾಶದ ಬಣ್ಣ.

ಹಾಗಾದರೆ ಹಾಸನದಲ್ಲಿ ಮಳೆ ನಿಂತ ಮಾರನೇ ದಿನ ಕಾಣುವ ಕಡುನೀಲಿ ಆಕಾಶ ಮಂಗಳೂರಿನಲ್ಲಿ ಯಾಕೆ ಅಪರೂಪ? ಕಡಲ ಗಾಳಿಯಲ್ಲಿ ಉಪ್ಪಿನ ಕಣಗಳಿರುತ್ತವೆ. ಉಪ್ಪಿಗೆ ತೇವ ಹೀರುವ ಗುಣ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಒದ್ದೆಯಾಗುತ್ತದಲ್ಲ, ಹಾಗೇ. ತೇವ ಹೀರಿ ಉಬ್ಬಿದ ಕಣಗಳು ಅಣುಗಳಿಗಿಂತ ತುಂಬಾ ದೊಡ್ಡವು. ಅವು ಎಲ್ಲಾ ಬಣ್ಣಗಳನ್ನೂ ಹೆಚ್ಚುಕಮ್ಮಿ ಒಂದೇ ಸಮ ಚೆದರಿಸುತ್ತವೆ. ಎಲ್ಲಾ ಬಣ್ಣ ಸೇರಿದರೆ ಬಿಳಿ. ಆದ್ದರಿಂದ ಮಂಗಳೂರಿನ ಮಧ್ಯಾಹ್ನದ ಆಕಾಶ ಹಾಲು ಬೆರೆಸಿದ ಹಾಗೆ ಇರುತ್ತದೆ. ಬೇಸಿಗೆಯ ಎಷ್ಟೋ ಸಂಜೆ ಸೂರ್ಯ ಕಡಲನ್ನು ಮುಟ್ಟುವ ಮೊದಲೇ ಆ ಮಬ್ಬಿನಲ್ಲಿ ಮಾಯವಾಗುತ್ತಾನೆ. ಕಾದು ಕೂತವರಿಗೆ ಬೇಜಾರು. ಮಳೆ ಗಾಳಿಯನ್ನು ತೊಳೆದ ಮೇಲೆ, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಹೋದರೆ ಅದೃಷ್ಟ ಜಾಸ್ತಿ.

'ಗೋಲ್ಡನ್ ಅವರ್', ಅಂದರೆ ಚಿನ್ನದ ಗಂಟೆ, ಅನ್ನುವ ಮಾತನ್ನು ಫೋಟೋ ತೆಗೆಯುವವರೆಲ್ಲ ಕೇಳಿರುತ್ತೀರಿ. ನಮ್ಮ ಸೀಮೆಗೆ ಅದೊಂದು ಮೋಸದ ಹೆಸರು. ಸೂರ್ಯ ಅಂಚಿನಿಂದ ಸುಮಾರು ಆರು ಡಿಗ್ರಿ ಎತ್ತರದ ಒಳಗೆ ಇದ್ದಾಗ ಆ ಚಿನ್ನದ ಬಣ್ಣ. ಲಂಡನ್ನಿನಂಥ ಊರಿನಲ್ಲಿ ಸೂರ್ಯ ಓರೆಯಾಗಿ ಜಾರುತ್ತಾ ನಿಧಾನಕ್ಕೆ ಇಳಿಯುತ್ತಾನೆ. ಮಾರ್ಚ್ ತಿಂಗಳಲ್ಲೂ ಆರು ಡಿಗ್ರಿಗೆ ಹತ್ತಿರಹತ್ತಿರ 40 ನಿಮಿಷ ಹಿಡಿಯುತ್ತದೆ. ನಮ್ಮಲ್ಲಿ ಬಾವಿಗೆ ಬಿಂದಿಗೆ ಇಳಿಬಿಟ್ಟ ಹಾಗೆ ನೇರ ಇಳಿಯುತ್ತಾನೆ. 25 ನಿಮಿಷ, ಮುಗಿಯಿತು. ಮುಳುಗಿದ ಮೇಲಿನ ನೀಲಿ ಬೆಳಕೂ ಅಷ್ಟೇ, ಇಪ್ಪತ್ತು ಚಿಲ್ಲರೆ ನಿಮಿಷ. ಟ್ರೈಪಾಡ್ ಬಿಚ್ಚುತ್ತಾ, ಯಾವ ಲೆನ್ಸ್ ಅಂತ ಯೋಚಿಸುತ್ತಾ ಕೂತರೆ ಕೈಗೆ ಸಿಗುವುದು ಕತ್ತಲೆ. ಜಾಗ ಹಗಲಿನಲ್ಲೇ ನೋಡಿಟ್ಟಿರಬೇಕು.

ಒಂದು ಸಣ್ಣ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಮಂಗಳೂರು ಅದಕ್ಕಿಂತ ಏಳೂವರೆ ಡಿಗ್ರಿಗೂ ಸ್ವಲ್ಪ ಹೆಚ್ಚು ಪಶ್ಚಿಮಕ್ಕಿದೆ. ಹಾಗಾಗಿ ಅಲ್ಲಿ ನಿಜವಾದ ನಡುಹಗಲು ಸುಮಾರು 12.30ಕ್ಕೆ. ತಿಂಗಳು ನೋಡಿಕೊಂಡು ಕಾಲು ಗಂಟೆ ಆಚೀಚೆ ಆಗುತ್ತದೆ. 12.30ರಿಂದ ಎರಡೂ ಕಡೆಗೆ ಗಂಟೆ ಎಣಿಸಿ. ಬೆಳಗ್ಗೆ 8.30ರ ಬಿಸಿಲು ಎಷ್ಟು ಓರೆಯೋ ಸಂಜೆ 4.30ರದ್ದೂ ಅಷ್ಟೇ ಓರೆ. ಡಿಸೆಂಬರ್ ಕೊನೆಯಲ್ಲಿ ಮಂಗಳೂರಿನ ಸೂರ್ಯ ಸಂಜೆ 6.10ರ ಹೊತ್ತಿಗೆ ಮುಳುಗುತ್ತಾನೆ, ಜೂನಿನಲ್ಲಿ ಏಳಕ್ಕೆ. ಮುಳುಗುವ ಜಾಗವೂ ಒಂದೇ ಅಲ್ಲ. ಡಿಸೆಂಬರಿನಲ್ಲಿ ನೇರ ಪಶ್ಚಿಮಕ್ಕಿಂತ 24 ಡಿಗ್ರಿ ಎಡಕ್ಕೆ, ಜೂನಿನಲ್ಲಿ ಅಷ್ಟೇ ಬಲಕ್ಕೆ.

ಮುಂದಿನ ಸಲ ಹೋದಾಗ ನಾನು ಬೆಳಕು ಹರಿಯುವ ಮೊದಲೇ ದಕ್ಕೆಗೆ ಹೋದೆ. ಮೀನಿನ ಬೋಟು ಬಂದು ನಿಲ್ಲುವ ಜಾಗ. ಆಕಾಶ ಇನ್ನೂ ನೀಲಿ, ಬೋಟುಗಳ ಬಲ್ಬು ಹಳದಿ. ಎರಡರ ಪ್ರಕಾಶವೂ ಸಮ ಇರುವ ಹೊತ್ತು ಅದು, ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಬುಟ್ಟಿಗಳಲ್ಲಿ ಬಂಗುಡೆ, ಬೂತಾಯಿ. ಐಸಿನ ಚೂರುಗಳು. ಮೊದಲನೇ ಫೋಟೋ ನೋಡಿದರೆ ಮೀನೆಲ್ಲ ಬೂದು. ಇದು ಕ್ಯಾಮೆರಾದ ಹುಟ್ಟುಗುಣ. ತನ್ನ ಮುಂದೆ ಇರುವುದು ಏನೇ ಆಗಲಿ, ಒಟ್ಟಾರೆ ಮಧ್ಯಮ ಬೂದು ಬಣ್ಣದ್ದು ಅಂತ ಅದು ನಂಬುತ್ತದೆ. ಬೆಳ್ಳಗೆ ಹೊಳೆಯುವ ಮೀನಿನ ರಾಶಿ ತೋರಿಸಿದರೆ "ಬೆಳಕು ಜಾಸ್ತಿಯಾಯಿತು" ಅಂದುಕೊಂಡು ಕಪ್ಪು ಮಾಡುತ್ತದೆ. ಡಾಂಬರು ಬಳಿದ ದೋಣಿ ತೋರಿಸಿದರೆ "ಕತ್ತಲೆ" ಅಂದುಕೊಂಡು ಬೆಳ್ಳಗೆ ಮಾಡುತ್ತದೆ. ಹಾಗಾಗಿ ಬಿಳಿ ವಸ್ತುವಿಗೆ ನಾವೇ ಪ್ರಕಾಶ ಏರಿಸಬೇಕು, ಕಪ್ಪಿಗೆ ಇಳಿಸಬೇಕು. ಮೊಬೈಲಿನಲ್ಲಾದರೆ ಪರದೆಯ ಮೇಲೆ ಬೆರಳು ಒತ್ತಿ ಹಿಡಿದು, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಸಾಕು. ಸಂಜೆಯ ಆಕಾಶಕ್ಕೂ ಅದೇ ಉಪಾಯ. ಸ್ವಲ್ಪ ಕೆಳಗೆ ಎಳೆದರೆ ಬಿಳಿಚಿಕೊಂಡಿದ್ದ ಕಿತ್ತಳೆ ಬಣ್ಣ ವಾಪಸ್ ಬರುತ್ತದೆ.

ಅಲ್ಲೇ ಬಲೆ ಸುತ್ತುತ್ತಿದ್ದ ಒಬ್ಬರು ಕೇಳಿದರು. "ಎಂತ ಮಾರಾಯ್ರೆ, ಮೀನು ಬಿಟ್ಟು ಬಲ್ಬಿನ ಫೋಟೋ ತೆಗೀತಿದ್ದೀರಿ?" ಉತ್ತರ ಹೊಳೆಯಲಿಲ್ಲ. ನಕ್ಕು, ಅವರದ್ದೂ ಒಂದು ತೆಗೆದೆ. ಅದೇ ಆ ದಿನದ ಒಳ್ಳೆ ಫೋಟೋ.

ಬಣ್ಣದಲ್ಲಿ ಕ್ಯಾಮೆರಾ ಮಾಡುವ ಇನ್ನೊಂದು ಕಿತಾಪತಿ ಇದೆ. ನಮ್ಮ ಕಣ್ಣಿಗೆ ಬಿಳಿ ಪಂಚೆ ಬೆಳಗ್ಗೆಯೂ ಬಿಳಿ, ಬಲ್ಬಿನ ಕೆಳಗೂ ಬಿಳಿ. ಮಿದುಳು ಸುಮ್ನೆ ಸರಿಮಾಡಿಕೊಳ್ಳುತ್ತದೆ. ಕ್ಯಾಮೆರಾದ 'ಆಟೋ ವೈಟ್ ಬ್ಯಾಲೆನ್ಸ್' ಕೂಡ ಅದನ್ನೇ ಮಾಡಲು ಹೋಗುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಮಧ್ಯಾಹ್ನದ ಬಿಸಿಲು ಸುಮಾರು 5500, ಹಳೇ ಕಾಲದ ಬಲ್ಬು 2700ರ ಆಸುಪಾಸು, ನೆರಳಿನಲ್ಲಿ 7000 ದಾಟುತ್ತದೆ. ಸಂಖ್ಯೆ ಕಮ್ಮಿಯಾದಷ್ಟೂ ಕೆಂಪು, ಜಾಸ್ತಿಯಾದಷ್ಟೂ ನೀಲಿ. ಸಂಜೆಯ ಗೋಡೆ ಹೊಂಬಣ್ಣಕ್ಕೆ ತಿರುಗಿದಾಗ ಆಟೋ ಸೆಟ್ಟಿಂಗ್ ಅದನ್ನು 'ತಪ್ಪು' ಅಂತ ತಿಳಿದು ತಣ್ಣಗೆ ಮಾಡಿಬಿಡುತ್ತದೆ. ನೀವು ಯಾವ ಬಣ್ಣಕ್ಕಾಗಿ ಘಾಟಿ ಇಳಿದು ಬಂದಿರೋ ಅದನ್ನೇ ಅಳಿಸುತ್ತದೆ! ವೈಟ್ ಬ್ಯಾಲೆನ್ಸನ್ನು 'ಡೇಲೈಟ್' ಅಂತ ಇಟ್ಟುಬಿಡಿ. ಬೆಳಗ್ಗೆಯಿಂದ ರಾತ್ರಿಯವರೆಗೆ ಅದನ್ನು ಮುಟ್ಟಬೇಡಿ. ದಿನವಿಡೀ ಬೆಳಕು ಬದಲಾದದ್ದು ಆಗ ಫೋಟೋಗಳಲ್ಲಿ ಉಳಿಯುತ್ತದೆ.

ದಕ್ಕೆಯಿಂದ ಸುಲ್ತಾನ್ ಬತ್ತೇರಿಗೆ ಬಂದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ, ಗುರುಪುರ ಹೊಳೆಯ ದಡದಲ್ಲಿ. ಬೆಳಗ್ಗೆ ಅಲ್ಲಿ ಹೊಳೆ ಕನ್ನಡಿಯ ಹಾಗೆ ನಿಂತಿರುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗಿ ಗಾಳಿ ಮೆಲ್ಲಗೆ ಕಡಲಿನ ಕಡೆ ಹರಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ಗಾಳಿ ಜೋರಾಗಿ ಬರಲು ಶುರು. ಆಮೇಲೆ ನೀರಿನಲ್ಲಿ ಅಲೆ ಎದ್ದು ಪ್ರತಿಬಿಂಬ ಒಡೆಯುತ್ತದೆ. ಆಚೆ ದಡದ ತೆಂಗು, ನಿಂತ ದೋಣಿ ನೀರಿನಲ್ಲಿ ತಲೆಕೆಳಗಾಗಿ ಕಾಣಬೇಕು ಅಂದರೆ ಹತ್ತು ಗಂಟೆಯೊಳಗೆ ಕೆಲಸ ಮುಗಿಸಬೇಕು. ಗಾಳಿ ಬದಲಾದ ಮೇಲೆ ಲೆನ್ಸಿನ ಮೇಲೆ ಉಪ್ಪಿನ ಪೊರೆಯೂ ಕೂರುತ್ತದೆ. ಒಣ ಬಟ್ಟೆಯಿಂದ ತಿಕ್ಕಿದರೆ ಗಾಜಿಗೆ ಗೀರು ಬೀಳಬಹುದು. ಮೊದಲು ಊದಿ, ಆಮೇಲೆ ಸ್ವಲ್ಪ ಒದ್ದೆ ಮಾಡಿದ ಮೆತ್ತನೆ ಬಟ್ಟೆ.

ಮಧ್ಯಾಹ್ನ ಕ್ಯಾಮೆರಾ ಚೀಲದಲ್ಲಿಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅರ್ಧ ಒಪ್ಪುತ್ತೇನೆ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬಕ್ಕೂ ನೆರಳಿಲ್ಲ. ಆಗ ಮನುಷ್ಯರ ಕಣ್ಣಿನ ಗುಳಿಯಲ್ಲಿ ಕಪ್ಪು, ಮೂಗಿನ ತುದಿಯಲ್ಲಿ ಬಿಳಿ. ಬಿಸಿಲಿಗೂ ನೆರಳಿಗೂ ಇರುವ ಅಂತರ ಕ್ಯಾಮೆರಾದ ಶಕ್ತಿ ಮೀರುತ್ತದೆ. ಆದರೆ ಹಳೇ ಬಂದರಿನ ಇಕ್ಕಟ್ಟಾದ ಓಣಿಗಳಿಗೆ ಬಿಸಿಲು ಸರಿಯಾಗಿ ಇಳಿಯುವುದೇ ಆ ಹೊತ್ತಿಗೆ. ಸುಣ್ಣದ ಗೋಡೆಗೆ ಬಡಿದ ಬಿಸಿಲು ಎದುರಿನ ನೆರಳಿನ ಮೇಲೆ ಮೆದುವಾಗಿ ಹರಡುತ್ತದೆ. ಅಂಗಡಿಯ ಬಾಗಿಲಲ್ಲಿ ಕೂತವರ ಮುಖಕ್ಕೆ ಅದಕ್ಕಿಂತ ಒಳ್ಳೆ ಬೆಳಕು ಸ್ಟುಡಿಯೋದಲ್ಲೂ ಸಿಗುವುದಿಲ್ಲ. ನೀಲಿ ಟಾರ್ಪಾಲಿನ ಕೆಳಗೆ ಮಾತ್ರ ಹುಷಾರು. ಅದರ ಕೆಳಗೆ ಬೆಳಕೆಲ್ಲ ನೀಲಿ. ಟೊಮೆಟೊ ಕಂದು, ಮನುಷ್ಯರು ಕಾಯಿಲೆಯವರ ಹಾಗೆ ಕಾಣುತ್ತಾರೆ.

ಕಡಲಿನ ನೀಲಿ ಬೇಕು ಅನ್ನುವವರಿಗೂ ಬಿಸಿಲು ಎತ್ತರದಲ್ಲಿದ್ದಾಗಲೇ ಅನುಕೂಲ. ಈ ನೀಲಿಯ ಹಿಂದೆ ಒಂದು ಒಳ್ಳೆ ಕತೆ ಇದೆ. 1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರ ತಲೆ ಕೊರೆಯಿತು. ಕಡಲಿನ ಬಣ್ಣ ಬರೀ ಆಕಾಶದ ಪ್ರತಿಬಿಂಬ ಅಂತ ರ್‍ಯಾಲೆ ಹೇಳಿದ್ದರು. ರಾಮನ್ ತಮ್ಮ ಜೊತೆಯಲ್ಲಿದ್ದ ನಿಕೋಲ್ ಪಟ್ಟಕ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹರಳು) ತೆಗೆದು, ಆ ಪ್ರತಿಬಿಂಬ ಕಾಣದ ಹಾಗೆ ತಿರುಗಿಸಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರೇ ಬೆಳಕನ್ನು ಚೆದರಿಸುತ್ತಿದೆ ಎಂಬುದು ಅವರಿಗೆ ಖಾತ್ರಿಯಾಯಿತು. ಆ ದಾರಿಯಲ್ಲಿ ಮುಂದೆ ಹೋಗಿ 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. ನಾವು ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಮಾಡುವುದೂ ಅದೇ ಕೆಲಸ, ನೀರಿನ ಮೇಲಿನ ಹೊಳಪನ್ನು ಕತ್ತರಿಸುವುದು. ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಅದರ ಪರಿಣಾಮ ಹೆಚ್ಚು. ಫಿಲ್ಟರ್ ತಿರುಗಿಸುತ್ತಾ ಹೋಗಿ, ಒಂದು ಕಡೆ ತಟ್ಟನೆ ಹೊಳಪು ಆರಿ ನೀರಿನ ನಿಜ ಬಣ್ಣ ಕಾಣುತ್ತದೆ. ಮಂಗಳೂರಿನಲ್ಲಿ ಆ ನಿಜ ಬಣ್ಣ ಮಳೆಗಾಲದಲ್ಲಿ ಕೆಸರಿನದ್ದು ಅನ್ನುವುದು ಬೇರೆ ಮಾತು. ನೇತ್ರಾವತಿ, ಗುರುಪುರ ಎರಡೂ ಘಟ್ಟದ ಮಣ್ಣು ಹೊತ್ತು ತಂದು ಅಲ್ಲಿಯೇ ಸುರಿಯುತ್ತವೆ. ನಮ್ಮ ಮೂಡಿಗೆರೆ ಕಡೆಯ ಮಣ್ಣೂ ಅದರಲ್ಲಿ ಸೇರಿರುತ್ತದೆ.

ಮಳೆಗಾಲವನ್ನು ಬಿಡಬೇಡಿ. ಮೋಡ ಅಂದರೆ ಊರಿನ ಮೇಲೆ ಹಾಸಿದ ಒಂದು ದೊಡ್ಡ ಬಿಳಿ ಬಟ್ಟೆ. ಬೆಳಕು ಎಲ್ಲಾ ಕಡೆಯಿಂದ ಬರುತ್ತದೆ, ನೆರಳಿಗೆ ಅಂಚೇ ಇರುವುದಿಲ್ಲ. ಒದ್ದೆ ಹೆಂಚಿನ ಕೆಂಪು, ಪಾಚಿಯ ಹಸಿರು ಆಗ ಮಾತ್ರ ಅಷ್ಟು ಗಾಢ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಅಷ್ಟು ಬಣ್ಣ ಒಂದೇ ಕಡೆ ಬೇರೆ ಯಾವ ತಿಂಗಳಲ್ಲೂ ಸಿಗದು.

ಸಂಜೆ ನಾಲ್ಕೂವರೆಗೆ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿ ಕಡೆಗೆ ಹೋದೆ. ಈ ಸಲ ಕಡಲಿನ ಕಡೆ ನಡೆಯಲಿಲ್ಲ. ಹೊಳೆಯ ಅಂಚಿನಲ್ಲೇ, ಊರಿಗೆ ಮುಖ ಮಾಡಿ ನಿಂತೆ. ಹಿಂದೆ ಗಾಳಿಮರಗಳು, ನಮ್ಮ ಕಡೆ ಸರ್ವೆ ಮರ ಅನ್ನುತ್ತೇವಲ್ಲ, ಅವೇ. ಐದೂವರೆ ಆದಂತೆ ಅವುಗಳ ನೆರಳು ನೀರಿನ ಮೇಲೆ ಉದ್ದಕ್ಕೆ ಬೆಳೆಯಿತು. ಆಚೆ ದಡದ ತಗ್ಗಿನ ಮನೆಗಳು ಮೊದಲು ನೆರಳಿಗೆ ಸೇರಿದವು. ಮೇಲಿನ ಹೆಂಚಿನ ಮಾಡುಗಳಲ್ಲಿ, ಹೊಸ ಅಪಾರ್ಟ್‌ಮೆಂಟುಗಳ ಕಿಟಕಿ ಗಾಜಿನಲ್ಲಿ ಕೊನೆಯ ಬಿಸಿಲು. ಗಾಜು ಸೂರ್ಯನನ್ನೇ ಎಸೆದ ಹಾಗೆ ಹೊಳೆಯುತ್ತಿತ್ತು. ಆರು ಗಂಟೆ ಐದು ನಿಮಿಷಕ್ಕೆ ಅದೂ ಆರಿತು. ಹದಿನೈದು ನಿಮಿಷ ಬಿಟ್ಟು ಊರಿನ ದೀಪಗಳು ನೀಲಿ ಆಕಾಶದ ಕೆಳಗೆ ಒಂದೊಂದಾಗಿ ಹತ್ತಿದವು. ಬೆಳಗ್ಗೆ ದಕ್ಕೆಯಲ್ಲಿ ಕಂಡದ್ದೇ ಮತ್ತೆ ಬಂತು, ಈಗ ಊರಿನ ಅಳತೆಯಲ್ಲಿ.

ಹಾಸನದ ಅಣ್ಣ ಈ ಫೋಟೋ ನೋಡಿ "ಹ್ಞೂಂ, ಇದು ಮಂಗಳೂರು" ಅಂದರು. ಆಮೇಲೆ ಒಂದು ಪ್ರಶ್ನೆ ಹಾಕಿದರು. "ಶ್ರವಣಬೆಳಗೊಳದ ಗೊಮ್ಮಟ ಯಾವ ಕಡೆಗೆ ಮುಖ ಮಾಡವ್ನೆ ಹೇಳು?"

ಉತ್ತರಕ್ಕೆ. ಹತ್ತು ಸಲ ಹೋಗಿದ್ದರೂ ನಾನು ಆ ಲೆಕ್ಕದಲ್ಲಿ ಯೋಚಿಸಿರಲಿಲ್ಲ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೂ ಮುಳುಗುವುದೂ ದಕ್ಷಿಣಕ್ಕೆ ಸರಿದು. ದಿನವಿಡೀ 58 ಅಡಿಯ ಮೂರ್ತಿಯ ಬೆನ್ನಿಗೆ, ಭುಜಕ್ಕೆ ಬಿಸಿಲು, ಮುಖ ನೆರಳಿನಲ್ಲಿ. ಶಾಲೆ ಮಕ್ಕಳ ಪ್ರವಾಸದ ಫೋಟೋಗಳಲ್ಲಿ ಗೊಮ್ಮಟನ ಮುಖ ಯಾವಾಗಲೂ ಮಂಕಾಗಿ ಕಾಣುವುದು ಯಾಕೆ ಅಂತ ಈಗ ಗೊತ್ತಾಯಿತು. ಮೇ ಕೊನೆಯಲ್ಲಿ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ. ಬೆಳಗ್ಗೆ ಎಂಟರ ಹೊತ್ತಿಗೆ ಪೂರ್ವಕ್ಕಿಂತ ಹದಿನೇಳು ಡಿಗ್ರಿ ಉತ್ತರದಿಂದ, ಗೊಮ್ಮಟನ ಬಲಗೆನ್ನೆಯ ಮೇಲೆ ಓರೆ ಬಿಸಿಲು ಬೀಳಬೇಕು. ಅಕ್ಕಿ ರೊಟ್ಟಿಗೆ ಬಿಟ್ಟ ಟಾರ್ಚಿನ ಹಾಗೆ.

ಮೇ ತಿಂಗಳಲ್ಲಿ ಇಬ್ಬರೂ ಹೋಗೋಣ ಅಂತ ಮಾತಾಗಿದೆ. ಏಳು ಗಂಟೆಗೇ ಹತ್ತಲು ಶುರು ಮಾಡಬೇಕು, ಹತ್ತರೊಳಗೆ ಇಳಿದುಬಿಡಬೇಕು. ಬಂಡೆ ಕಾದ ಮೇಲೆ ಬರಿಗಾಲಲ್ಲಿ ಆ ಮೆಟ್ಟಿಲು ಇಳಿಯುವುದು ಯಾರ ಕೈಲೂ ಆಗುವ ಕೆಲಸವಲ್ಲ.